ಯಾರ ಕಡೆಯಿಂದ ಬಂತು?

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ, ನೋಡಲು ಬಂದವರು ನಮ್ಮ ಕಡೆ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ‘ಈಗ ಹೇಗಿದೆ?’ ಎಂದು. ಎರಡನೆಯದು ಕಾಫಿ ಲೋಟ ಕೈಗೆ ಬಂದ ಮೇಲೆ, ದನಿ ತಗ್ಗಿಸಿ: ‘ಇದು ಯಾರ ಕಡೆಯಿಂದ ಬಂತು?’ ನಾಲ್ಕು ವರ್ಷದ ಹಿಂದೆ ನನ್ನ ಮೊಮ್ಮಗನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ಈ ಎರಡನೆಯ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಲ್ಲ. ಅವನಿಗಾಗ ಎಂಟು ವರ್ಷ.

ಉತ್ತರವನ್ನೂ ಬಂದವರೇ ತಂದಿರುತ್ತಿದ್ದರು. ನನಗೆ 15 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ ನುಂಗುತ್ತೇನೆ. ನನ್ನ ತಾಯಿಗೂ ಇತ್ತು. ಹಾಗಾಗಿ ‘ಅಜ್ಜಿಯ ಸಕ್ಕರೆ ಮೊಮ್ಮಗನಿಗೆ ಇಳಿದಿದೆ’ ಎಂದು ನಮ್ಮ ಬೀದಿಯವರು ತೀರ್ಮಾನಿಸಿದರು. ಹತ್ತಿರದ ನೆಂಟರೊಬ್ಬರು ಇನ್ನೊಂದು ಕಡೆ ಬೆರಳು ತೋರಿಸಿದರು. ನನ್ನ ಬೀಗಿತ್ತಿಗೆ, ಅಂದರೆ ಸೊಸೆಯ ತಾಯಿಗೆ, ಥೈರಾಯ್ಡ್ ತೊಂದರೆ ಇದೆ. ‘ಗ್ರಂಥಿ ಕಾಯಿಲೆ ಏನಿದ್ದರೂ ಅವರ ಮನೆತನದಲ್ಲೇ’ ಎಂದರು ಅವರು. ಸೊಸೆ ಅಡುಗೆಮನೆಯಲ್ಲಿದ್ದಳು. ಆ ಮಾತು ಕೇಳಿಸದಷ್ಟು ದೊಡ್ಡ ಮನೆ ನಮ್ಮದಲ್ಲ.

ಅದೇ ವಾರ ಒಂದು ರಾತ್ರಿ ನನ್ನ ಪಕ್ಕದಲ್ಲಿ ಮಲಗಿದ್ದ ಮೊಮ್ಮಗ ಕತ್ತಲಲ್ಲೇ ಕೇಳಿದ: ‘ಅಜ್ಜಿ, ಜಾತ್ರೇಲಿ ನಾನು ಜಾಸ್ತಿ ಬೆಂಡು ಬತ್ತಾಸು ತಿಂದೆ ಅಂತ ಹೀಗಾಯ್ತಾ?’

ಅಲ್ಲಿಗೆ ಮನೆಯಲ್ಲಿ ಮೂವರು ಅಪರಾಧಿಗಳಾದೆವು: ನಾನು, ನನ್ನ ಬೀಗಿತ್ತಿ ಮತ್ತು ಎಂಟು ವರ್ಷದ ಒಬ್ಬ ಹುಡುಗ. ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಸಾಕ್ಷಿಯಿಲ್ಲದೆ ತೀರ್ಪು ಕೊಟ್ಟರೆ ನನಗೆ ಸಹಿಸುವುದಕ್ಕಾಗುವುದಿಲ್ಲ. ಸಿಕ್ಕಿದ ಪುಸ್ತಕಗಳನ್ನೆಲ್ಲ ಓದಿದೆ. ಮೊಮ್ಮಗನನ್ನು ನೋಡುವ ಬೆಂಗಳೂರಿನ ವೈದ್ಯೆಯನ್ನು ಪ್ರತಿ ಭೇಟಿಯಲ್ಲೂ ಪ್ರಶ್ನೆ ಕೇಳಿ ಪೀಡಿಸಿದೆ. ಆಕೆ ಒಂದು ದಿನವೂ ಬೇಸರಿಸಲಿಲ್ಲ. ಹಾಗೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳೇ, ನಿಮ್ಮ ಶಾಲೆಯಲ್ಲೂ ಇಂಥ ಒಬ್ಬ ಗೆಳೆಯನೋ ಗೆಳತಿಯೋ ಇರಬಹುದು. ನನ್ನ ವಯಸ್ಸಿನವರೇ, ನಿಮ್ಮ ಮನೆಯಲ್ಲೂ ಆ ಎರಡನೆಯ ಪ್ರಶ್ನೆ ಒಂದು ದಿನ ಕಾಫಿಯ ಜೊತೆ ಬರಬಹುದು.

ಕಾಯಿಲೆ ಹೇಗೆ ಗೊತ್ತಾಯಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಾರ್ಚ್ ತಿಂಗಳು. ತಿಪಟೂರಿನಲ್ಲಿ ಬಿಸಿಲು ಏರಿತ್ತು. ಹುಡುಗ ಚೊಂಬು ಚೊಂಬು ನೀರು ಕುಡಿಯುತ್ತಿದ್ದ. ಬೇಸಿಗೆಯಲ್ಲವೇ ಎಂದರು ಎಲ್ಲರೂ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟು ಐದು ವರ್ಷವಾಗಿದ್ದವನು ಮತ್ತೆ ಒದ್ದೆ ಮಾಡತೊಡಗಿದ. ಚೆನ್ನಾಗಿಯೇ ಉಣ್ಣುತ್ತಿದ್ದ, ಆದರೆ ಚಡ್ಡಿ ಸೊಂಟದಿಂದ ಜಾರುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಇರುವೆ ಸಾಲುಗಟ್ಟಿದ್ದು ನೋಡಿದೆ. ನನ್ನ ಸಕ್ಕರೆ ನೋಡಿಕೊಳ್ಳಲು ಮನೆಯಲ್ಲಿ ಗ್ಲುಕೋಮೀಟರ್ ಇತ್ತು. ಅವನ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಇಟ್ಟರೆ ಅಂಕಿಯೇ ಬರಲಿಲ್ಲ. ‘ಹೈ’ ಎಂಬ ಅಕ್ಷರ ಬಂತು. ಅಳತೆ ಮಾಡಲಾಗದಷ್ಟು ಹೆಚ್ಚಿದೆ ಎಂದು ಅದರ ಅರ್ಥ. ಮಗ ಆ ಗಳಿಗೆಯಲ್ಲೇ ಅವನನ್ನು ಆಸ್ಪತ್ರೆಗೆ ಕರೆದೊಯ್ದ. ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದು ಚೇತರಿಸಿಕೊಂಡ.

ಅಲ್ಲಿ ವೈದ್ಯರು ಹೇಳಿದ ಮೊದಲ ಮಾತೇ ನನಗೆ ಹೊಸದಾಗಿ ಕೇಳಿಸಿತು: ‘ಅಜ್ಜಿ, ನಿಮ್ಮದೂ ಮಧುಮೇಹ, ಇವನದೂ ಮಧುಮೇಹ. ಹೆಸರು ಒಂದೇ, ಕಾಯಿಲೆ ಬೇರೆ.’

ಹೊಟ್ಟೆಯೊಳಗೆ, ಜಠರದ ಹಿಂಬದಿಯಲ್ಲಿ, ಮೇದೋಜೀರಕ ಗ್ರಂಥಿ ಇದೆ. 1869ರಲ್ಲಿ ಬರ್ಲಿನ್ನಿನಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡುತ್ತಿದ್ದಾಗ ಅಲ್ಲಲ್ಲಿ ನಡುಗಡ್ಡೆಗಳಂಥ ಜೀವಕೋಶಗಳ ಗುಂಪು ಕಂಡವು. ಅವು ಏಕಿವೆ ಎಂದು ಅವನಿಗೆ ತಿಳಿಯಲಿಲ್ಲ. ಆ ನಡುಗಡ್ಡೆಗಳಲ್ಲಿರುವ ಬೀಟಾ ಕೋಶಗಳೇ ಇನ್ಸುಲಿನ್ ತಯಾರಿಸುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ನಾವು ತಿಂದ ಮುದ್ದೆ, ಅನ್ನ, ಬಾಳೆಹಣ್ಣು ಎಲ್ಲವೂ ಕೊನೆಗೆ ಗ್ಲೂಕೋಸ್ ಆಗಿ ರಕ್ತ ಸೇರುತ್ತವೆ. ಆ ಗ್ಲೂಕೋಸ್ ಜೀವಕೋಶದೊಳಗೆ ಹೋಗಬೇಕಾದರೆ ಬಾಗಿಲು ತೆರೆಯಬೇಕು. ಇನ್ಸುಲಿನ್ ಅದರ ಬೀಗದ ಕೈ.

ನನ್ನ ಮೈಯಲ್ಲಿ ಬೀಗದ ಕೈ ಇದೆ, ಬೀಗ ಬಿಗಿಯಾಗಿದೆ. ಮಾತ್ರೆ, ನಡಿಗೆ, ಮಿತವಾದ ಊಟದಿಂದ ಬೀಗ ಸ್ವಲ್ಪ ಸಡಿಲವಾಗುತ್ತದೆ. ಇದು ಎರಡನೇ ಬಗೆಯ ಮಧುಮೇಹ. ಮೊಮ್ಮಗನ ಬೀಗ ಸರಿಯಾಗಿಯೇ ಇದೆ. ಬೀಗದ ಕೈ ಮಾಡುವ ಕಮ್ಮಾರಸಾಲೆಯೇ ಹಾಳಾಗಿದೆ. ಇದು ಒಂದನೇ ಬಗೆಯದು. ಅವನಿಗೆ ಇನ್ಸುಲಿನ್ನನ್ನು ಹೊರಗಿನಿಂದಲೇ ಕೊಡಬೇಕು, ದಿನಾ ಕೊಡಬೇಕು. ಎರಡು ಕಾಯಿಲೆಗಳ ಹಿಂದಿರುವ ವಂಶವಾಹಿಗಳೂ ಬಹುಮಟ್ಟಿಗೆ ಬೇರೆ ಬೇರೆ. ಹೀಗಾಗಿ ‘ಅಜ್ಜಿಯ ಸಕ್ಕರೆ ಮೊಮ್ಮಗನಿಗೆ ಇಳಿಯಿತು’ ಎಂಬ ಬೀದಿಯ ತೀರ್ಪು ಬಿದ್ದುಹೋಯಿತು. ಬತ್ತಾಸಿನ ಆರೋಪವೂ ನಿಲ್ಲಲಿಲ್ಲ. ಸಿಹಿ ತಿಂದದ್ದರಿಂದ ಕಮ್ಮಾರಸಾಲೆ ಹಾಳಾಗುವುದಿಲ್ಲ. ಮರುದಿನವೇ ಮೊಮ್ಮಗನಿಗೆ ಇದನ್ನು ಹೇಳಿದೆ. ಅವನು ತಕ್ಷಣ ಕೇಳಿದ್ದು: ‘ಹಾಗಾದ್ರೆ ಹಾಳು ಮಾಡಿದ್ದು ಯಾರು?’

ಇಲ್ಲಿಂದ ಮುಂದಿನ ಕಥೆ ಸ್ವಲ್ಪ ವಿಚಿತ್ರವಾದದ್ದು. ಹಾಳು ಮಾಡಿದ್ದು ಅವನ ಮೈಯ ಕಾವಲುಗಾರರೇ.

ನಮ್ಮ ರಕ್ತದಲ್ಲಿ ರೋಗಾಣುಗಳ ಮೇಲೆ ಕಣ್ಣಿಡುವ ಬಿಳಿಯ ರಕ್ತಕಣಗಳಿವೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಅವುಗಳಲ್ಲಿ ಟಿ ಕೋಶಗಳು ಎಂಬ ಒಂದು ಪಡೆ. ಇವು ತರಬೇತಿ ಪಡೆಯುವ ಜಾಗ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿ. ಮಕ್ಕಳಲ್ಲಿ ಅದು ದೊಡ್ಡದಾಗಿರುತ್ತದೆ, ನನ್ನಂಥವರಲ್ಲಿ ಬಾಡಿಹೋಗಿರುತ್ತದೆ. ಅದನ್ನು ಒಂದು ಗರಡಿಮನೆ ಎಂದುಕೊಳ್ಳಿ. ಈ ಗರಡಿಯಲ್ಲಿ ಪೈಲ್ವಾನರಿಗೆ ಕಠಿಣ ಪರೀಕ್ಷೆ. ದೇಹದ ಬೇರೆ ಬೇರೆ ಅಂಗಗಳ ಪ್ರೋಟೀನುಗಳ ತುಣುಕುಗಳನ್ನು ಅಲ್ಲಿ ಅವರ ಮುಂದೆ ಹಿಡಿಯುತ್ತಾರೆ. ಇನ್ಸುಲಿನ್ನಿನ ತುಣುಕೂ ಅವುಗಳಲ್ಲಿ ಒಂದು. ಯಾವ ಪೈಲ್ವಾನ ಮನೆಯವರ ಮೇಲೇ ಮುಗಿಬೀಳುತ್ತಾನೋ ಅವನನ್ನು ಅಲ್ಲೇ ಮುಗಿಸಿಬಿಡುತ್ತಾರೆ. ಸೇರಿದವರಲ್ಲಿ ಬಹುಪಾಲು ಜನ ತೇರ್ಗಡೆಯಾಗುವುದೇ ಇಲ್ಲ. ಆದರೂ ಕೆಲವರು ಕಣ್ಣು ತಪ್ಪಿಸಿ ಹೊರಗೆ ಬರುತ್ತಾರೆ. ನಿಮ್ಮಲ್ಲೂ ಇದ್ದಾರೆ, ನನ್ನಲ್ಲೂ ಇದ್ದಾರೆ. ಅಂಥವರನ್ನು ಸುಮ್ಮನಿರಿಸಲು ಇನ್ನೊಂದು ಬಗೆಯ ಟಿ ಕೋಶಗಳಿವೆ. ಊರಲ್ಲಿ ಜಗಳ ಬಿಡಿಸುವ ಹಿರಿಯರ ಹಾಗೆ. ಈ ಹಿರಿಯರನ್ನು ಗುರುತಿಸಿದ ಕೆಲಸಕ್ಕಾಗಿಯೇ ಜಪಾನಿನ ಶಿಮೊನ್ ಸಕಾಗುಚಿ, ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಪ್ರಶಸ್ತಿ ಬಂತು.

ಗರಡಿಯ ಕಣ್ಣು ತಪ್ಪಿಸಿದವರು ಹೆಚ್ಚಾಗಿ, ಹಿರಿಯರ ಮಾತು ನಡೆಯದೆ ಹೋದರೆ, ಕಾವಲುಗಾರರು ಬೀಟಾ ಕೋಶಗಳನ್ನೇ ಶತ್ರು ಎಂದು ಬಗೆದು ಕೊಲ್ಲುತ್ತಾರೆ. ಇದು ಬರಿಯ ಊಹೆಯಲ್ಲ. 1965ರಲ್ಲಿ ಬೆಲ್ಜಿಯಂನ ವಿಲಿ ಗೆಪ್ಟ್ಸ್ ಎಂಬ ವೈದ್ಯರು, ಕಾಯಿಲೆ ಕಾಣಿಸಿಕೊಂಡ ಸ್ವಲ್ಪ ಕಾಲದಲ್ಲೇ ತೀರಿಕೊಂಡ ಎಳೆಯರ ಮೇದೋಜೀರಕ ಗ್ರಂಥಿಗಳನ್ನು ಪರೀಕ್ಷಿಸಿ, ಲ್ಯಾಂಗರ್‌ಹಾನ್ಸನ ನಡುಗಡ್ಡೆಗಳನ್ನು ಬಿಳಿಯ ರಕ್ತಕಣಗಳು ಮುತ್ತಿಕೊಂಡಿರುವುದನ್ನು ವಿವರಿಸಿದರು. 1974ರಲ್ಲಿ ಲಂಡನ್ನಿನಲ್ಲಿ ಜಿಯಾನ್ ಫ್ರಾಂಕೊ ಬೊಟ್ಟಾಜೊ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿ ಆ ನಡುಗಡ್ಡೆಗಳಿಗೇ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಕಂಡುಹಿಡಿದರು. ಪ್ರತಿಕಾಯ ಎಂದರೆ ಶತ್ರುವಿನ ಮೇಲೆ ಅಂಟಿಸುವ ಗುರುತಿನ ಚೀಟಿ. ಇಲ್ಲಿ ಆ ಚೀಟಿ ಮನೆಯವರ ಬೆನ್ನಿಗೇ ಅಂಟಿತ್ತು. ಒಂದನೇ ಬಗೆಯ ಮಧುಮೇಹ ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಕಾಯಿಲೆ ಎಂಬುದು ಹೀಗೆ ಸ್ಪಷ್ಟವಾಯಿತು.

ಈ ದಾಳಿ ಒಂದು ರಾತ್ರಿಯಲ್ಲಿ ನಡೆಯುವುದಿಲ್ಲ. ನೀರಡಿಕೆ, ಒದ್ದೆ ಹಾಸಿಗೆ ಶುರುವಾಗುವ ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳ ಮೊದಲೇ ಅದು ಆರಂಭವಾಗಿರುತ್ತದೆ. ಹುಟ್ಟಿದಂದಿನಿಂದ ಮಕ್ಕಳನ್ನು ಗಮನಿಸುತ್ತ ಬಂದ ಅಧ್ಯಯನಗಳಲ್ಲಿ, ಅನೇಕ ಮಕ್ಕಳಿಗೆ ಮೊದಲ ಪ್ರತಿಕಾಯ ಒಂದೆರಡು ವರ್ಷದ ವಯಸ್ಸಿನಲ್ಲೇ ಕಾಣಿಸಿಕೊಂಡಿದೆ. ಅಂದರೆ ನಮ್ಮ ಹುಡುಗ ಜಾತ್ರೆಗೆ ಹೋಗುವ ಹೊತ್ತಿಗೆ ಅವನ ಕಮ್ಮಾರಸಾಲೆಗೆ ಬೆಂಕಿ ಬಿದ್ದು ಬಹಳ ಕಾಲವಾಗಿದ್ದಿರಬಹುದು.

ಇನ್ನು ನೆಂಟರ ಪ್ರಶ್ನೆ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ವಂಶವಾಹಿಗಳಿಗೆ ಇಲ್ಲಿ ಪಾತ್ರವಿದೆ.

ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಆರನೆಯ ಜೊತೆಯಲ್ಲಿ ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿದೆ. ಇವು ಮಾಡುವುದು ತಟ್ಟೆಗಳನ್ನು. ಗರಡಿಯಲ್ಲಿ ಪೈಲ್ವಾನರ ಮುಂದೆ ಪ್ರೋಟೀನಿನ ತುಣುಕುಗಳನ್ನು ಇಟ್ಟು ತೋರಿಸುತ್ತಾರೆ ಎಂದೆನಲ್ಲ, ಆ ತಟ್ಟೆಗಳೇ ಇವು. ನಿಮ್ಮ ತಟ್ಟೆಯ ಆಕಾರ ಬೇರೆ, ನಿಮ್ಮ ಗೆಳೆಯನದು ಬೇರೆ. ಕೆಲವು ಆಕಾರದ ತಟ್ಟೆಗಳ ಮೇಲೆ ಇನ್ಸುಲಿನ್ನಿನ ತುಣುಕು ಸರಿಯಾಗಿ ಕೂರುವುದಿಲ್ಲ, ಜಾರುತ್ತದೆ. ಸರಿಯಾಗಿ ತೋರಿಸದ ಮೇಲೆ ಪರೀಕ್ಷೆಯೂ ಸರಿಯಾಗಿ ನಡೆಯದು. ಕೆಟ್ಟ ಪೈಲ್ವಾನ ತೇರ್ಗಡೆಯಾಗಿಬಿಡುತ್ತಾನೆ. ವಿಜ್ಞಾನಿಗಳು ಕೊಡುವ ಮುಖ್ಯವಾದ ವಿವರಣೆಗಳಲ್ಲಿ ಇದೊಂದು. ಎಷ್ಟು ಸಣ್ಣ ವ್ಯತ್ಯಾಸ ನೋಡಿ: ಅಂಥ ಒಂದು ತಟ್ಟೆಯನ್ನು ಅಮೈನೋ ಆಮ್ಲಗಳ ಮಣಿಸರ ಎಂದುಕೊಂಡರೆ, ಅದರ 57ನೆಯ ಮಣಿ ಯಾವುದು ಎಂಬುದರ ಮೇಲೆ ಕಾಯಿಲೆಯ ಸಾಧ್ಯತೆ ಏರಿಳಿಯುತ್ತದೆ ಎಂದು 1987ರಲ್ಲಿ ಕಂಡುಬಂತು.

ಡಿಆರ್3, ಡಿಆರ್4 ಎಂಬ ಹೆಸರಿನ ತಟ್ಟೆಗಳು ಅಪಾಯವನ್ನು ಹೆಚ್ಚಿಸುತ್ತವೆ. ಡಿಆರ್15 ಎಂಬುದು ಹೆಚ್ಚಿನವರಿಗೆ ರಕ್ಷಣೆ ಕೊಡುತ್ತದೆ. ಒಟ್ಟು ವಂಶವಾಹಿ ಪ್ರಭಾವದಲ್ಲಿ ಸುಮಾರು ಅರ್ಧ ಈ ತಟ್ಟೆಗಳದೇ. ಉಳಿದ ಅರ್ಧ ಹತ್ತಾರು ಬೇರೆ ವಂಶವಾಹಿಗಳಲ್ಲಿ ಹಂಚಿಹೋಗಿದೆ. ಒಂದು, ಗರಡಿಯಲ್ಲಿ ಇನ್ಸುಲಿನ್ನನ್ನು ಎಷ್ಟು ತೋರಿಸಬೇಕು ಎಂಬುದಕ್ಕೆ ಸಂಬಂಧಿಸಿದ್ದು. ಮತ್ತೊಂದು, ಕಾವಲುಗಾರನ ಸಿಟ್ಟಿಗೆ ಕಡಿವಾಣ ಹಾಕುವಂಥದ್ದು. ಒಂದೊಂದರ ಕೈವಾಡವೂ ಚಿಕ್ಕದು.

ಈ ಭಾಗ ಓದಿದ ದಿನ ನಾನು ಕಾಗದ ಪೆನ್ನು ಹಿಡಿದು ಕುಳಿತೆ. ತಟ್ಟೆಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಮೊಮ್ಮಗನಿಗೆ ಒಂದು ನನ್ನ ಮಗನಿಂದ, ಒಂದು ಸೊಸೆಯಿಂದ. ಮಗನದು ನನ್ನದೋ ನಮ್ಮ ಯಜಮಾನರದೋ ಆಗಿರಬೇಕು. ಸೊಸೆಯದು ಅವಳ ಅಪ್ಪನದೋ ಅಮ್ಮನದೋ. ಬೀಗಿತ್ತಿಯ ಥೈರಾಯ್ಡ್ ಕೂಡ ಇದೇ ಜಾತಿಯ ಕಾಯಿಲೆಯೇ ಎಂದು ವೈದ್ಯೆ ಹೇಳಿದ್ದರು. ಅವರಲ್ಲಿ ಕಾವಲುಗಾರರು ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದಿದ್ದಾರೆ. ಇಂಥ ಕಾಯಿಲೆಗಳು ಒಂದೇ ಕುಟುಂಬದಲ್ಲಿ ಜೊತೆಯಾಗಿ ಕಾಣಿಸುವುದುಂಟು. ಅದಕ್ಕೇ ಒಂದನೇ ಬಗೆಯ ಮಧುಮೇಹವಿರುವ ಮಕ್ಕಳಿಗೆ ಆಗಾಗ ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಾರೆ.

‘ಹಾಗಾದರೆ ನಮ್ಮ ನೆಂಟರು ಹೇಳಿದ್ದು ನಿಜವೇ ಡಾಕ್ಟ್ರೇ?’ ಎಂದು ಕೇಳಿದೆ. ಸೊಸೆ ಪಕ್ಕದಲ್ಲೇ ಕುಳಿತಿದ್ದಳು. ಅವಳ ಮುಂದೆಯೇ ಉತ್ತರ ಬರಲಿ ಎಂದು ಕೇಳಿದ್ದು.

ವೈದ್ಯೆ ಲೆಕ್ಕ ಕೊಟ್ಟರು. ಈ ಕಾಯಿಲೆ ಬಂದ ಮಕ್ಕಳಲ್ಲಿ 100ಕ್ಕೆ 85ಕ್ಕಿಂತ ಹೆಚ್ಚು ಮಕ್ಕಳ ಮನೆಯಲ್ಲಿ ತಂದೆ, ತಾಯಿ, ಒಡಹುಟ್ಟಿದವರು ಯಾರಿಗೂ ಅದು ಇರುವುದಿಲ್ಲ. ತಂದೆಗೆ ಈ ಕಾಯಿಲೆ ಇದ್ದರೆ 100 ಮಕ್ಕಳಲ್ಲಿ ಸುಮಾರು 6 ಮಕ್ಕಳಿಗೆ ಬರಬಹುದು. ತಾಯಿಗೆ ಇದ್ದರೆ ಸುಮಾರು 3 ಮಕ್ಕಳಿಗೆ. ‘ತಾಯಿಯ ಕಡೆ ಎಂದು ಬೆರಳು ತೋರಿಸುವವರಿಗೆ ಈ ಅಂಕಿ ಹೇಳಿ’ ಎಂದು ನಕ್ಕರು. ಅತಿ ಹೆಚ್ಚು ಅಪಾಯದ ಡಿಆರ್3, ಡಿಆರ್4 ಎರಡೂ ಒಟ್ಟಿಗೆ ಬಂದ ಮಕ್ಕಳಲ್ಲೂ ಸುಮಾರು 20ರಲ್ಲಿ ಒಬ್ಬರಿಗೆ ಕಾಯಿಲೆ. ಮಿಕ್ಕ 19 ಮಕ್ಕಳು ಅದರ ಸುದ್ದಿಯೇ ಇಲ್ಲದೆ ಬೆಳೆಯುತ್ತಾರೆ. ಸೊಸೆ ಆ ದಿನ ಏನೂ ಮಾತಾಡಲಿಲ್ಲ. ಬಸ್ಸಿನಲ್ಲಿ ತಿಪಟೂರಿಗೆ ಬರುವಾಗ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ಎಷ್ಟೋ ವಾರಗಳ ಮೇಲೆ ಅವಳು ಹಗಲು ನಿದ್ದೆ ಮಾಡಿದ್ದನ್ನು ನೋಡಿದೆ.

ವಂಶವಾಹಿಯೇ ಎಲ್ಲವೂ ಅಲ್ಲ ಎಂಬುದಕ್ಕೆ ಅವಳಿಗಳು ಸಾಕ್ಷಿ. ತದ್ರೂಪಿ ಅವಳಿಗಳಲ್ಲಿ ವಂಶವಾಹಿಗಳು ಒಂದೇ. ಆದರೂ ಒಬ್ಬರಿಗೆ ಈ ಕಾಯಿಲೆ ಬಂದಾಗ ಇನ್ನೊಬ್ಬರಿಗೂ ಬರುವುದು ಎಲ್ಲ ಜೋಡಿಗಳಲ್ಲಿ ಅಲ್ಲ. ಹಲವು ಅಧ್ಯಯನಗಳಲ್ಲಿ ಮೂರರಲ್ಲಿ ಒಂದು ಜೋಡಿಯಿಂದ ಹಿಡಿದು ಅರ್ಧದಷ್ಟು ಜೋಡಿಗಳಲ್ಲಿ. ದಶಕಗಳ ಕಾಲ ಕಾದು ನೋಡಿದಾಗ ಅರ್ಧಕ್ಕಿಂತ ಹೆಚ್ಚು. ನಮ್ಮ ತೋಟದಲ್ಲಿ ಒಂದೇ ತಾಯಿಮರದ ಕಾಯಿಗಳಿಂದ ಎಬ್ಬಿಸಿದ ಎರಡು ತೆಂಗಿನ ಸಸಿಗಳಿವೆ. ಒಂದು ಕೆರೆಯ ಮಗ್ಗುಲಲ್ಲಿ, ಒಂದು ಕಲ್ಲುದಿಬ್ಬದಲ್ಲಿ. ಎರಡನ್ನೂ ನೋಡಿದವರು ಅವು ಅಕ್ಕತಂಗಿಯರು ಎಂದರೆ ನಂಬುವುದಿಲ್ಲ. ಬೀಜ ಮಾತ್ರವಲ್ಲ, ನೆಲ ನೀರೂ ಲೆಕ್ಕಕ್ಕೆ ಬರುತ್ತದೆ.

ಈ ನೆಲ ನೀರಿನ ವಿಷಯಕ್ಕೆ ಇನ್ನೊಂದು ಉದಾಹರಣೆ ಯುರೋಪಿನ ಉತ್ತರದಲ್ಲಿದೆ. ಪ್ರಪಂಚದಲ್ಲಿ ಈ ಕಾಯಿಲೆ ಅತಿ ಹೆಚ್ಚಾಗಿರುವ ದೇಶ ಫಿನ್ಲೆಂಡ್. ಅಲ್ಲಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ 50ಕ್ಕೂ ಹೆಚ್ಚು ಮಕ್ಕಳಿಗೆ ಹೊಸದಾಗಿ ಬರುತ್ತದೆ. ಗಡಿಯಾಚೆ ರಷ್ಯಾದ ಕರೇಲಿಯದಲ್ಲಿ ಇದೇ ತಟ್ಟೆಗಳಿರುವ ಜನರಿದ್ದಾರೆ. ಆದರೆ ಅಲ್ಲಿ ಕಾಯಿಲೆ ಸುಮಾರು ಆರು ಪಟ್ಟು ಕಡಿಮೆ. ಕರ್ನಾಟಕದಲ್ಲಿ 1995ರಿಂದ ನಡೆದ ಮಧುಮೇಹ ನೋಂದಣಿಯ ಲೆಕ್ಕದಲ್ಲಿ ಲಕ್ಷಕ್ಕೆ ಸುಮಾರು ನಾಲ್ವರು. ಅನೇಕ ದೇಶಗಳಲ್ಲಿ ಈ ಸಂಖ್ಯೆ ಏರುತ್ತಲೇ ಇದೆ. ಒಂದೆರಡು ತಲೆಮಾರಿನಲ್ಲಿ ವಂಶವಾಹಿಗಳು ಅಷ್ಟು ಬದಲಾಗುವುದಿಲ್ಲ. ಹೊರಗಿನದೇನೋ ಕಿಡಿ ಹಚ್ಚುತ್ತಿದೆ. ಕರುಳಿನಲ್ಲಿ ಸೋಂಕು ಮಾಡುವ ಎಂಟೆರೋವೈರಸ್ಸುಗಳ ಮೇಲೆ ಹೆಚ್ಚಿನ ಅನುಮಾನವಿದೆ. ಇದೇ ಎಂದು ಬೊಟ್ಟು ಮಾಡಿ ತೋರಿಸುವಂಥ ಒಂದೇ ಕಾರಣ ಇನ್ನೂ ಸಿಕ್ಕಿಲ್ಲ.

ಹಾಗಾಗಿ ‘ಯಾರ ಕಡೆಯಿಂದ ಬಂತು?’ ಎಂದು ಕೇಳುವವರಿಗೆ ನಾನು ಈಗ ಚೌಕಾಬಾರದ ಉದಾಹರಣೆ ಕೊಡುತ್ತೇನೆ. ನಾಲ್ಕು ಕವಡೆ ಕೈಯಲ್ಲಿ ಕುಲುಕಿ ಬಿಡುತ್ತೇವೆ. ಎಲ್ಲವೂ ಬೋರಲು ಬಿದ್ದರೆ ಯಾವ ಕವಡೆಯನ್ನು ದೂರುತ್ತೀರಿ? ಒಂದು ಕವಡೆ ಅಪ್ಪನ ಮನೆಯದು, ಒಂದು ಅಮ್ಮನ ಮನೆಯದು, ಒಂದು ಯಾವುದೋ ಸೋಂಕು, ಒಂದು ನಾವು ಹೆಸರಿಡದ ಇನ್ನೇನೋ. ಒಂದೊಂದೂ ನಿರುಪದ್ರವಿ. ಒಟ್ಟಿಗೆ ಹಾಗೆ ಬಿದ್ದವು ಅಷ್ಟೆ. ಕುಲುಕಿದ ಕೈ ಯಾರದ್ದೂ ಅಲ್ಲ.

ಈ ಪ್ರಶ್ನೆಗೆ ನಾನು ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. ಕಾಯಿಲೆಯ ಜೊತೆ ಅವಮಾನವೂ ಸೇರಿದರೆ ಮನೆಯವರು ಅದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಮನೆಯ ಮಗು ಮದುವೆ ಮುಂಜಿಗೆ ಹೋದಾಗ ಯಾರಿಗೂ ಕಾಣದಂತೆ ಬಚ್ಚಲಿಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕು, ಇಲ್ಲವೇ ಬಿಟ್ಟುಬಿಡಬೇಕು. ಬಿಟ್ಟರೆ ಜೀವಕ್ಕೇ ಅಪಾಯ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಈ ಮಕ್ಕಳು ಬದುಕುತ್ತಲೇ ಇರಲಿಲ್ಲ. 1922ರ ಜನವರಿ 11ರಂದು ಕೆನಡಾದ ಟೊರಾಂಟೊ ನಗರದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚಿದರು. ಮದ್ದು ಶುದ್ಧವಾಗಿರಲಿಲ್ಲ, ಮೈಗೆ ಒಗ್ಗಲಿಲ್ಲ. ಜೇಮ್ಸ್ ಕಾಲಿಪ್ ಎಂಬ ವಿಜ್ಞಾನಿ ಅದನ್ನು ಶುದ್ಧಗೊಳಿಸಿದ ಮೇಲೆ ಅದೇ ತಿಂಗಳ 23ರಂದು ಮತ್ತೆ ಕೊಟ್ಟರು. ಹುಡುಗ ಚೇತರಿಸಿಕೊಂಡ. ನಮ್ಮ ಹುಡುಗ ಅವನ ಚಿತ್ರವನ್ನು ಕತ್ತರಿಸಿ ತನ್ನ ಮೇಜಿನ ಮುಂದೆ ಅಂಟಿಸಿಕೊಂಡಿದ್ದಾನೆ.

ಮನೆಯಲ್ಲಿ ಈಗ ಮುದ್ದೆ ತೂಕ ಮಾಡಿಯೇ ತಟ್ಟೆಗೆ ಬರುತ್ತದೆ. ಎಷ್ಟು ಮುದ್ದೆಗೆ ಎಷ್ಟು ಯೂನಿಟ್ ಎಂದು ಹುಡುಗನೇ ಲೆಕ್ಕ ಹಾಕುತ್ತಾನೆ. ಹಬ್ಬದಲ್ಲಿ ಒಂದು ಒಬ್ಬಟ್ಟು ತಿನ್ನುವುದಕ್ಕೂ ಅವನ ಲೆಕ್ಕದಲ್ಲಿ ಜಾಗವಿದೆ. ಶಾಲೆಯ ಚೀಲದಲ್ಲಿ ಗ್ಲೂಕೋಸ್ ಪುಡಿ ಸದಾ ಇರುತ್ತದೆ. ಸಕ್ಕರೆ ಇಳಿದರೆ ಅವನಿಗೆ ಕೈ ನಡುಗುತ್ತದೆ, ಬೆವರುತ್ತದೆ. ಆಗ ಪಾಠದ ಮಧ್ಯೆಯೂ ಬಾಯಿಗೆ ಹಾಕಿಕೊಳ್ಳಲೇಬೇಕು. ಅವನ ಪಕ್ಕದಲ್ಲಿ ಕೂರುವ ಗೆಳೆಯನಿಗೆ ಇದೆಲ್ಲ ಗೊತ್ತು. ಗೊತ್ತಿರುವ ಗೆಳೆಯ ಇಂಥ ಮಕ್ಕಳಿಗೆ ಅರ್ಧ ಔಷಧಿ.

ಕಳೆದ ವರ್ಷ ನಮ್ಮ ಮುಂದೆ ಇನ್ನೊಂದು ಪ್ರಶ್ನೆ ಬಂತು. ಮೊಮ್ಮಗನಿಗೆ ಒಬ್ಬಳು ತಂಗಿ ಇದ್ದಾಳೆ, ಆಗ ಆರು ವರ್ಷ. ಒಡಹುಟ್ಟಿದವರಿಗೆ ಈ ಕಾಯಿಲೆ ಬರುವ ಸಾಧ್ಯತೆ 100ಕ್ಕೆ ಸುಮಾರು 5. ಅಣ್ಣನ ಎರಡು ತಟ್ಟೆಗಳೂ ತಂಗಿಗೆ ಬಂದಿರುವ ಸಂಭವ ನಾಲ್ಕರಲ್ಲಿ ಒಂದು. ಒಂದೂ ಬರದಿರುವ ಸಂಭವವೂ ನಾಲ್ಕರಲ್ಲಿ ಒಂದು. ಇನ್ಸುಲಿನ್, ಜಿಎಡಿ, ಐಎ-2, ಜಿಂಕ್ ಟ್ರಾನ್ಸ್‌ಪೋರ್ಟರ್ 8 ಎಂಬ ನಾಲ್ಕು ಗುರಿಗಳ ಮೇಲಿನ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆ ಇದೆ. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುತ್ತೇವಲ್ಲ, ಈ ಪ್ರತಿಕಾಯಗಳು ಆ ಹೊಗೆ. ಎರಡು ಅಥವಾ ಹೆಚ್ಚು ಪ್ರತಿಕಾಯ ಸಿಕ್ಕಿದ ಮಕ್ಕಳಲ್ಲಿ 100ಕ್ಕೆ ಸುಮಾರು 70 ಮಕ್ಕಳಿಗೆ ಹತ್ತು ವರ್ಷದೊಳಗೆ ಕಾಯಿಲೆ ಬರುತ್ತದೆ.

ಪರೀಕ್ಷೆ ಮಾಡಿಸಬೇಕೇ? ಮಗ ಬೇಡವೆಂದ. ‘ಗೊತ್ತಾಗಿ ಏನ್ಮಾಡೋದಮ್ಮ? ದಿನಾ ಆ ಮಗು ಮುಖ ನೋಡ್ಕೊಂಡು ಹೆದರ್ತಾ ಕೂರೋದಾ?’ ಸೊಸೆ ಬೇಕೆಂದಳು. ‘ಇವನನ್ನ ಆಸ್ಪತ್ರೆಗೆ ಸೇರಿಸಿದ ಹಾಗೆ ಅವಳನ್ನೂ ಸೇರಿಸೋ ಹೊತ್ತು ಬರೋದು ಬೇಡ’ ಎಂದಳು. ಇಬ್ಬರ ಮಾತಿನಲ್ಲೂ ಹುರುಳಿತ್ತು. ಮೊದಲೇ ಗೊತ್ತಿದ್ದರೆ ಮಗು ಪ್ರಾಣಾಪಾಯದ ಸ್ಥಿತಿಗೆ ಹೋಗುವ ಮುನ್ನ ಇನ್ಸುಲಿನ್ ಶುರು ಮಾಡಬಹುದು. ಕಾವಲುಗಾರರನ್ನು ಸ್ವಲ್ಪ ಕಾಲ ತಣ್ಣಗಿಡುವ ಟೆಪ್ಲಿಜುಮಾಬ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಂಟು ವರ್ಷ ಮೀರಿದ, ಪ್ರತಿಕಾಯಗಳು ಕಾಣಿಸಿಕೊಂಡು ರಕ್ತದ ಸಕ್ಕರೆ ಏರುಪೇರಾಗತೊಡಗಿದವರಲ್ಲಿ ಅದು ಕಾಯಿಲೆಯನ್ನು ಸರಾಸರಿ ಎರಡು ವರ್ಷ ಮುಂದೂಡಿತ್ತು. ಮುಂದೂಡುತ್ತದೆ, ತಡೆಯುವುದಿಲ್ಲ, ಬೆಲೆಯೂ ನಮ್ಮಂಥವರ ಕೈಗೆಟುಕುವುದಲ್ಲ. ಆದರೆ ಬೆಂಕಿಯನ್ನೇ ನಂದಿಸಲು ನೋಡುವ ಔಷಧಿಗಳಲ್ಲಿ ಒಪ್ಪಿಗೆ ಸಿಕ್ಕ ಮೊದಲನೆಯದು ಅದು. ಆರು ತಿಂಗಳು ಯೋಚಿಸಿ ಮಗ ಒಪ್ಪಿದ. ರಕ್ತ ಕೊಟ್ಟೆವು. ನಾಲ್ಕರಲ್ಲಿ ಒಂದು ಪ್ರತಿಕಾಯವೂ ಇರಲಿಲ್ಲ. ‘ಇವತ್ತಿಗೆ ಹೊಗೆಯಿಲ್ಲ ಅಂತ ಅಷ್ಟೇ. ಕೆಲವು ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ’ ಎಂದರು ವೈದ್ಯೆ.

ಆ ಸಂಜೆ ಪುಟ್ಟಿ ಅಣ್ಣನ ಎದುರಿಗೇ ಕೇಳಿದಳು: ‘ಹಾಗಾದ್ರೆ ನನ್ನ ಕಾವಲುಗಾರರು ಒಳ್ಳೆಯವರು, ಅಣ್ಣನವರು ಕೆಟ್ಟವರಾ ಅಜ್ಜಿ?’

ಹುಡುಗ ಉತ್ತರಕ್ಕಾಗಿ ನನ್ನ ಮುಖ ನೋಡಿದ. ಸೈಕಲ್ಲಿನಿಂದ ಬಿದ್ದು ಹೋದ ತಿಂಗಳು ಅವನ ಮೊಣಕಾಲು ಕಿತ್ತಿತ್ತು. ಚಡ್ಡಿ ಸರಿಸಿ ಆ ಜಾಗ ತೋರಿಸೆಂದೆ. ಹೊಸ ಚರ್ಮ ಬಂದಿತ್ತು. ‘ಇಲ್ಲಿಗೆ ಕೀವು ಆಗದ ಹಾಗೆ ನೋಡಿಕೊಂಡವರು ಯಾರು? ಮಳೆಗಾಲದ ಜ್ವರ ಓಡಿಸಿದವರು ಯಾರು? ಅದೇ ಕಾವಲುಗಾರರು. ಒಂದು ಮನೆಯ ಗುರುತು ಅವರಿಗೆ ತಪ್ಪಿತು. ಉಳಿದ ಊರನ್ನೆಲ್ಲ ಈಗಲೂ ಅವರೇ ಕಾಯುತ್ತಿದ್ದಾರೆ’ ಎಂದೆ. ಅಪಾಯದ ತಟ್ಟೆ ಎನ್ನುವುದೂ ಹಾಗೆಯೇ. ನಮ್ಮ ಪೂರ್ವಿಕರು ಎಷ್ಟೋ ಸಾಂಕ್ರಾಮಿಕ ರೋಗಗಳನ್ನು ದಾಟಿ ಬಂದದ್ದು ಬಗೆಬಗೆಯ ತಟ್ಟೆಗಳು ಇದ್ದುದರಿಂದ. ಊರಿಗೆಲ್ಲ ಒಂದೇ ತಟ್ಟೆಯಿದ್ದಿದ್ದರೆ ಒಂದೇ ರೋಗ ಊರನ್ನೆಲ್ಲ ಒಯ್ಯುತ್ತಿತ್ತು. ಹುಡುಗ ಮೊಣಕಾಲನ್ನು ಒಮ್ಮೆ ಸವರಿಕೊಂಡು ಆಡಲು ಹೋದ.

ನನ್ನ ವಯಸ್ಸಿನವರಿಗೆ ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಮಕ್ಕಳ ದಿನಚರಿಯನ್ನು ಹೆಚ್ಚು ಹೊತ್ತು ನೋಡುವವರು ನಾವು. ಮಗು ವಿಪರೀತ ನೀರು ಕುಡಿಯುತ್ತಿದ್ದರೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದ್ದರೆ, ಬಿಟ್ಟ ಅಭ್ಯಾಸ ಮರಳಿ ಹಾಸಿಗೆ ಒದ್ದೆಯಾಗುತ್ತಿದ್ದರೆ, ಉಂಡರೂ ಸೊರಗುತ್ತಿದ್ದರೆ, ಸುಸ್ತಾಗಿ ಮೂಲೆ ಹಿಡಿದರೆ, ಆ ದಿನವೇ ಬೆರಳಿನ ಒಂದು ಹನಿ ರಕ್ತ ಪರೀಕ್ಷಿಸಿ. ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ, ಏದುಸಿರು ಕಂಡರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ. ಬೇವು, ಹಾಗಲ, ನಾಟಿ ಮದ್ದು ಯಾವುದೂ ಇನ್ಸುಲಿನ್ನಿನ ಜಾಗ ತುಂಬುವುದಿಲ್ಲ.

ಮತ್ತೆ, ಇಂಥ ಮಗುವಿರುವ ಮನೆಗೆ ನೀವು ಹೋದಾಗ ಮೊದಲನೆಯ ಪ್ರಶ್ನೆ ಧಾರಾಳವಾಗಿ ಕೇಳಿ. ಎರಡನೆಯದರ ಬದಲು, ‘ಇಂಜೆಕ್ಷನ್ ಹಾಕೋದು ನನಗೂ ಹೇಳಿಕೊಡ್ತೀಯಾ ಮಗಾ?’ ಎಂದು ಆ ಮಗುವನ್ನೇ ಕೇಳಿ ನೋಡಿ. ನಮ್ಮ ಮನೆಯಲ್ಲಿ ಹಾಗೆ ಕೇಳಿದ ಮೊದಲಿಗರು ನನ್ನ ಬೀಗಿತ್ತಿ. ಈಗ ಬೇಸಿಗೆ ರಜೆಗೆ ಹುಡುಗ ದಾವಣಗೆರೆಗೆ ಹೋದರೆ ಹದಿನೈದು ದಿನ ಅವನ ಯೂನಿಟ್ಟುಗಳ ಲೆಕ್ಕ ಬರೆದಿಡುವವರು ಅವರೇ.